ಓದದೇ ಇದ್ದವರ ಸಂತಾಪ ಸಭೆ

ಒಬ್ಬನೇ ನಡೆಸುತ್ತಿದ್ದ ಹಾಸ್ಯದ ವೆಬ್‌ಸೈಟ್ ಮುಚ್ಚಿತು ಅಂದಿದ್ದೇ ತಡ, ಎಲ್ಲರೂ ಸಾಲುಗಟ್ಟಿ ಅಳುತ್ತಿದ್ದಾರೆ. ಎಲ್ಲಿದ್ದರೋ ಇಷ್ಟು ಜನ ಅಭಿಮಾನಿಗಳು! ಇವರಲ್ಲಿ ಕಾಲು ಭಾಗ ಜನ ತಿಂಗಳಿಗೊಮ್ಮೆ ಆ ಕಡೆ ತಲೆ ಹಾಕಿದ್ದರೂ ಆ ಪುಣ್ಯಾತ್ಮ ಮುಚ್ಚುತ್ತಲೇ ಇರಲಿಲ್ಲ. 'ಒಂದು ಯುಗ ಮುಗಿಯಿತು' ಅಂತ ಕಣ್ಣೀರು ಹಾಕಿದ ಒಬ್ಬರು ಸೈಟಿನ ಹೆಸರನ್ನೇ ತಪ್ಪು ಬರೆದಿದ್ದಾರೆ. ಇನ್ನೊಬ್ಬರು 'ಅಯ್ಯೋ, ಅದು ಇನ್ನೂ ಇತ್ತಾ?' ಅಂತ ಕೇಳಿದ್ದಾರೆ. ಇವರೇ ವಾಸಿ, ಸುಳ್ಳಂತೂ ಹೇಳಲಿಲ್ಲ.

ಒಬ್ಬನೇ ಅಂದರೆ ನಿಜಕ್ಕೂ ಒಬ್ಬನೇ. ಬರೆಯುವವನೂ ಅವನೇ, ತಿದ್ದುವವನೂ ಅವನೇ, ಚಿತ್ರ ಬಿಡಿಸುವವನೂ ಅವನೇ, ನಡುರಾತ್ರಿ ಸರ್ವರ್ ಮಲಗಿದರೆ ಎದ್ದು ಕೂತು ಅದನ್ನು ಎಬ್ಬಿಸುವವನೂ ಅವನೇ. ಯಾರಾದರೂ 'ನಿನ್ನ ಹತ್ತಿರ ಏನು ಮಾತು, ಸಂಪಾದಕರಿಗೆ ಫೋನ್ ಕೊಡು' ಅಂತ ಗದರಿದರೆ, ದನಿ ಸ್ವಲ್ಪ ದಪ್ಪ ಮಾಡಿಕೊಂಡು ಮಾತಾಡುವವನೂ ಅವನೇ. ಸಂಬಳದ ವಿಷಯ ಕೇಳಬೇಡಿ, ಡೊಮೈನ್, ಅಂದರೆ ಸೈಟಿನ ವಿಳಾಸದ ಹೆಸರು, ಅದರ ಬಿಲ್ಲು ಕೂಡ ಅವನ ಜೇಬಿನಿಂದಲೇ ಹೋಗುತ್ತಿತ್ತು.

ಹಾಗಂತ ಅವನ ಜೋಕು ಓಡಲಿಲ್ಲ ಅಂತಲ್ಲ. ಚೆನ್ನಾಗಿಯೇ ಓಡಿತು, ಅವನ ಹೆಸರೊಂದನ್ನು ಬಿಟ್ಟು. ಪಾಪ, ಚಿತ್ರದ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸೈಟಿನ ಹೆಸರು ಹಾಕುತ್ತಿದ್ದ. ಮೊದಲು ಸಿಕ್ಕವರು ಅದನ್ನು ಕತ್ತರಿಸಿದರು. ಎರಡನೆಯವರು ಆ ಜಾಗದಲ್ಲಿ ಒಂದು ಗುಲಾಬಿ ಇಟ್ಟರು. ಮೂರನೆಯವರು ಗುಲಾಬಿ ಪಕ್ಕ 'ಶುಭೋದಯ' ಅಂತ ಬರೆದು, ತಮ್ಮ ಹೆಸರು, ಹುದ್ದೆ, ಕೈ ಮುಗಿದ ಫೋಟೋ ಎಲ್ಲ ಅಂಟಿಸಿದರು. ಹೀಗೆ ಲೋಕವೆಲ್ಲ ಸುತ್ತಿದ ಜೋಕು ಕೊನೆಗೆ ಚಿಕ್ಕಪ್ಪನ ಕೈಯಿಂದ ಅವನ ಮೊಬೈಲಿಗೇ ಬಂತು, ಕೆಳಗೊಂದು ಉಪದೇಶದ ಜೊತೆ: 'ನೋಡು ಮರಿ, ಬರೆದ್ರೆ ಹೀಗೆ ಬರೀಬೇಕು.'

ಜೋಕನ್ನು ಸುದ್ದಿ ಅಂತ ನಂಬುವವರದ್ದು ಬೇರೆಯೇ ಕಾಟ. 2012ರಲ್ಲಿ ಅಮೆರಿಕದ ವಿಡಂಬನೆ ಪತ್ರಿಕೆ 'ದಿ ಆನಿಯನ್' ಉತ್ತರ ಕೊರಿಯಾದ ನಾಯಕ ಕಿಮ್ ಜಾಂಗ್ ಉನ್‌ರನ್ನು ಆ ವರ್ಷದ ಅತಿ ಮಾದಕ ಗಂಡಸು ಅಂತ ಘೋಷಿಸಿತು. ಚೀನಾದ ಆಡಳಿತ ಪಕ್ಷದ ಪತ್ರಿಕೆ 'ಪೀಪಲ್ಸ್ ಡೈಲಿ'ಯ ವೆಬ್‌ಸೈಟ್ ಅದನ್ನು ನಿಜವೆಂದೇ ಎತ್ತಿಕೊಂಡು, ಜೊತೆಗೆ 55 ಫೋಟೋ ಹಾಕಿತು. 55! ಜೋಕು ಮಾಡಿದವರಿಗೇ ಅಷ್ಟು ಹುಮ್ಮಸ್ಸು ಇರಲಿಲ್ಲ. ಸಂಬಳ ತಗೊಂಡು ಸುದ್ದಿ ಬರೆಯುವವರೇ ಹೀಗೆ ನಗಿಸುವ ಪೈಪೋಟಿಗೆ ಇಳಿದರೆ ಒಬ್ಬಂಟಿ ಏನು ಮಾಡಬೇಕು, ಹೇಳಿ. ನಮ್ಮವನು ಹೆದರಿ ಪ್ರತಿ ಬರಹದ ಮೇಲೂ 'ಇದು ತಮಾಷೆ' ಅಂತ ಬೋರ್ಡು ಹಾಕಿದ. ಜನ ಬೋರ್ಡು ಮಾತ್ರ ಓದಿ, ಬರಹ ಬಿಟ್ಟು, 'ಯಾರ ಬಗ್ಗೆ ತಮಾಷೆ, ಸ್ಪಷ್ಟಪಡಿಸಿ' ಅಂತ ಇಮೇಲ್ ಹಾಕಿದರು.

ಈಗ ಅವರೇ 'ಮುಚ್ಚಬೇಡಿ, ನಾವಿದ್ದೇವೆ' ಅನ್ನುತ್ತಿದ್ದಾರೆ. ಎಲ್ಲಿದ್ದೀರಿ ಅಂತ ಕೇಳಬಾರದು. ಜಾಹೀರಾತು ಹಾಕಿದಾಗ 'ಮಾರಿಕೊಂಡ' ಅಂದವರೂ ಇವರೇ, ಚಂದಾ ಕೇಳಿದಾಗ 'ನಗೋದಕ್ಕೂ ದುಡ್ಡಾ?' ಅಂತ ಹೌಹಾರಿದವರೂ ಇವರೇ. ಸುಮ್ನೆ ನಗಿಸುತ್ತಾ ಇರಬೇಕಿತ್ತು, ಅಲ್ವಾ? ಗಾಳಿ ಕುಡಿದುಕೊಂಡು.

ಅಂದಹಾಗೆ, ಡೊಮೈನ್ ಹೆಸರು ಅಷ್ಟು ಬೇಗ ಸಾಯುವುದಿಲ್ಲ. ಡಾಟ್ ಕಾಮ್ ಆದರೆ, ಅವಧಿ ಮುಗಿದು ಅಳಿಸಿದ ಮೇಲೂ 30 ದಿನ ಹಳೆ ಮಾಲೀಕನಿಗಾಗಿ ಕಾಯುತ್ತದೆ, ಆಮೇಲೆ 5 ದಿನ ತ್ರಿಶಂಕು ಸ್ಥಿತಿ, ಆಮೇಲೆ ಯಾರು ಬೇಕಾದರೂ ಹಿಡಿಯಬಹುದು. ಇಂಥ ಹಳೆ ಹೆಸರುಗಳಿಗೆ ಜೂಜಿನ ಸೈಟಿನವರು ಹೊಂಚು ಹಾಕಿ ಕೂತಿರುತ್ತಾರೆ, ಯಾಕೆಂದರೆ ಹಳೆ ಲಿಂಕುಗಳು ಗಳಿಸಿದ ಮರ್ಯಾದೆ ಸರ್ಚ್‌ನಲ್ಲಿ ಅವರಿಗೆ ಪುಕ್ಕಟೆ ಸಿಗುತ್ತದೆ. ಸಂತಾಪ ಸೂಚಿಸಿದವರೆಲ್ಲ 'ಅಪರೂಪದ ತಾಣ, ಒಮ್ಮೆ ಭೇಟಿ ಕೊಡಿ' ಅಂತ ಲಿಂಕು ಹಾಕಿದ್ದಾರಲ್ಲ, ಅದನ್ನು ಒತ್ತಿದವರು ಇನ್ನು ಕೆಲವು ತಿಂಗಳಿಗೆ ಸೀದಾ ಅಲ್ಲಿಗೇ ಹೋಗಿ ಬೀಳಬಹುದು. ಅಲ್ಲಾದರೆ ದುಡ್ಡು ಕಟ್ಟಲು ಯಾರೂ ಹಿಂದೆಮುಂದೆ ನೋಡುವುದಿಲ್ಲ.