ಎಂಟು ಗಂಟೆಯೊಳಗೆ

ಮೂರನೇ ವರ್ಷದ ಬಿಎಸ್ಸಿಗೆ ಪ್ರಾಜೆಕ್ಟ್ ಹಂಚುವ ದಿನ ನಾನು ತಡವಾಗಿ ಹೋದೆ. ಕುಕ್ಕರಹಳ್ಳಿ ಕೆರೆಯ ಹಕ್ಕಿಗಳು ಅಷ್ಟರಲ್ಲಿ ಬೇರೆಯವರ ಪಾಲಾಗಿದ್ದವು. ಚಿಟ್ಟೆಗಳೂ ಹೋಗಿದ್ದವು. ನನ್ನ ಪಾಲಿಗೆ ಉಳಿದದ್ದು ಡ್ರೊಸೊಫಿಲ ಮೆಲನೊಗಾಸ್ಟರ್, ಅಂದರೆ ಬಾಳೆಹಣ್ಣು ಕಳಿತರೆ ಅಡುಗೆಮನೆಯಲ್ಲಿ ಸುತ್ತುವ ಅದೇ ನೊರಜು. ಮನೆಯಲ್ಲಿ ಹೇಳಿದಾಗ ಅಜ್ಜಿ ಟೀವಿಯ ದನಿ ತಗ್ಗಿಸಿ, "ಓಡಿಸೋದು ಕಲಿಸ್ತಾರೋ, ಸಾಕೋದೋ?" ಅಂದರು. ಸಾಕೋದು ಅಂದೆ. "ಅದಕ್ಕೆ ಫೀಸು ಬೇರೆ" ಅಂತ ದನಿ ಮತ್ತೆ ಜೋರು ಮಾಡಿದರು.

ನೊಣಗಳ ಊಟ ನಾವೇ ಬೇಯಿಸಬೇಕು. ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, ಬೂಷ್ಟು ಹಿಡಿಯದಿರಲು ಕೊನೆಗೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ. ಆ ಆಮ್ಲವೊಂದನ್ನು ಬಿಟ್ಟರೆ ಇದು ತುಪ್ಪ ಕಾಣದ ಸಜ್ಜಿಗೆ. ಕಾರಿಡಾರಿಗೆ ಬೆಲ್ಲದ ಘಮ ಹೋಗಿ ಅಟೆಂಡರ್ ಅಣ್ಣ ತಟ್ಟೆ ಹಿಡಿದೇ ಒಳಗೆ ಬಂದರು. ನಾನು ರವೆಯನ್ನು ಒಮ್ಮೆಲೇ ಸುರಿದಿದ್ದರಿಂದ ಎಲ್ಲಾ ಗಂಟು. ಅವರು ಪಾತ್ರೆಗೆ ಇಣುಕಿ ನೋಡಿ, "ನೊಣಾನೂ ತಿನ್ನಲ್ಲಮ್ಮ ಇದನ್ನ" ಅಂದು ಹೊರಟುಹೋದರು.

ನೊಣ ಎಣಿಸಲು ಮೊದಲು ಈಥರ್ ಕೊಟ್ಟು ಮಲಗಿಸಬೇಕು. ಹೆಚ್ಚಾದರೆ ರೆಕ್ಕೆಗಳು ಸೆಟೆದು ಮೇಲಕ್ಕೆ ನಿಲ್ಲುತ್ತವೆ. ಹಾಗೆ ನಿಂತರೆ ಆ ನೊಣ ಮತ್ತೆ ಏಳುವುದಿಲ್ಲ. ನನ್ನ ಮೊದಲ ಸೀಸೆಯಲ್ಲಿ ಎಲ್ಲವೂ ರೆಕ್ಕೆ ಎತ್ತಿಕೊಂಡಿದ್ದವು. ಎರಡನೇ ಸೀಸೆಯವು ಬದುಕಿದವು. ಆದರೆ ಎಚ್ಚರವಾಗುವವರೆಗೆ ಸೀಸೆಯನ್ನು ಅಡ್ಡ ಮಲಗಿಸಬೇಕೆಂಬುದು ಗೊತ್ತಿಲ್ಲದೆ ನೆಟ್ಟಗೆ ನಿಲ್ಲಿಸಿಬಿಟ್ಟೆ. ಮಲಗಿದ್ದಲ್ಲೇ ಸಜ್ಜಿಗೆಗೆ ಅಂಟಿಕೊಂಡು ದ್ರಾಕ್ಷಿಯಾದವು.

ಇನ್ನು ಅಸಲಿ ಕೆಲಸ. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್‌ಗೆ ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿ ಕಣ್ಣಿನ ಗಂಡೊಂದು ಸಿಕ್ಕಿತು. ಅದರ ಹಿಂದೆ ಬಿದ್ದು, ಕಣ್ಣಿನ ಬಣ್ಣ ಎಕ್ಸ್ ಕ್ರೋಮೋಸೋಮಿನ ಮೇಲೆ ಕೂತಿದೆ ಎಂದು ಕಂಡುಕೊಂಡರು. 1933ರಲ್ಲಿ ನೊಬೆಲ್ ಬಂತು. ನಾನು ಮಾಡಬೇಕಿದ್ದದ್ದು ಬಿಳಿಗಣ್ಣಿನ ಹೆಣ್ಣಿಗೆ ಕೆಂಗಣ್ಣಿನ ಗಂಡು ಜೋಡಿಸುವುದು. ಎಕ್ಸ್ ಹೆಣ್ಣಿಗೆ ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತದೆ, ಗಂಡಿಗೆ ಅಮ್ಮನಿಂದ ಮಾತ್ರ; ಎರಡೂ ಇದ್ದಲ್ಲಿ ಕೆಂಪೇ ಗೆಲ್ಲುತ್ತದೆ. ಹಾಗಾಗಿ ಹೆಣ್ಣುಮಕ್ಕಳಿಗೆಲ್ಲ ಅಪ್ಪನ ಕೆಂಗಣ್ಣು ಬರಬೇಕು, ಗಂಡುಮಕ್ಕಳಿಗೆಲ್ಲ ಅಮ್ಮನ ಬಿಳಿಗಣ್ಣು. (ಮಗಳಿಗೆ ಅಪ್ಪನ ಕೆಂಗಣ್ಣು ನಮ್ಮ ಮನೆಯಲ್ಲಿ ಪ್ರಯೋಗವಿಲ್ಲದೆಯೇ ಸಾಬೀತಾಗಿದೆ.)

ಷರತ್ತು ಒಂದೇ: ಹೆಣ್ಣು ಅದಕ್ಕೆ ಮೊದಲು ಯಾವ ಗಂಡಿನ ಜೊತೆಯೂ ಕೂಡಿರಬಾರದು. ಒಮ್ಮೆ ಕೂಡಿದರೆ ವೀರ್ಯವನ್ನು ಒಳಗೇ ಕೂಡಿಟ್ಟುಕೊಂಡು ದಿನಗಟ್ಟಲೆ ಮೊಟ್ಟೆ ಇಡುತ್ತದೆ. ಮೇಡಂ ಸ್ಪಷ್ಟವಾಗಿಯೇ ಹೇಳಿದ್ದರು: "ಎಂಟು ಗಂಟೆಯೊಳಗೆ ಹೆಣ್ಣುಗಳನ್ನ ಬೇರೆ ಮಾಡಿಬಿಡಬೇಕು."

ನಾನು ಒಂದು ವಾರ ಐದಕ್ಕೇ ಎದ್ದೆ. ಆರೂವರೆ ಬಸ್ಸು ಹಿಡಿದೆ. ಬಾಗಿಲು ತೆಗೆಸಿಕೊಂಡು, ಬಿಳಿ ಟೈಲಿನ ಮೇಲೆ ನೊಣ ಸುರಿದು, ಬ್ರಷ್ಷಿನ ತುದಿಯಲ್ಲಿ ಹೆಣ್ಣುಗಳನ್ನು ಒಂದೊಂದಾಗಿ ಬೇರೆ ಮಾಡಿದೆ. ಗೋಡೆ ಗಡಿಯಾರದಲ್ಲಿ ಏಳೂ ಐವತ್ತು. ಅಷ್ಟು ಶಿಸ್ತಿನ ಹುಡುಗಿ ಇಡೀ ಕಾಲೇಜಿನಲ್ಲಿ ಇಲ್ಲ ಅಂತ ನನಗೆ ನಾನೇ ಅಂದುಕೊಂಡೆ.

ಹತ್ತು ಹನ್ನೆರಡು ದಿನದಲ್ಲಿ ಮಕ್ಕಳು ಹೊರಬಂದವು. ಎಣಿಸಿದೆ. ಕೆಂಗಣ್ಣಿನ ಹೆಣ್ಣು 52, ಬಿಳಿಗಣ್ಣಿನ ಗಂಡು 70. ಅಲ್ಲಿಗೆ ಮಾರ್ಗನ್ ಖುಷಿ. ಆಮೇಲೆ ಬಿಳಿಗಣ್ಣಿನ ಹೆಣ್ಣು 21. ಇರಲೇಬಾರದವು. ಎಣಿಕೆ ನಿರೀಕ್ಷೆಗೆ ಹೊಂದುತ್ತದೋ ಇಲ್ಲವೋ ನೋಡುವ ಕೈ-ವರ್ಗ (chi-square) ಪರೀಕ್ಷೆ ಹಾಕಿದರೆ ನಿರೀಕ್ಷಿತ ಸಂಖ್ಯೆ ಸೊನ್ನೆ, ಸೊನ್ನೆಯಿಂದ ಭಾಗಿಸು ಅಂದರೆ ಕ್ಯಾಲ್ಕುಲೇಟರ್ 'ಎರರ್' ಅಂದಿತು. ಅಷ್ಟು ನಿಷ್ಠುರವಾಗಿ ನನ್ನ ಜೀವನದಲ್ಲಿ ಯಾರೂ ಮಾತಾಡಿಲ್ಲ.

ಪಕ್ಕದ ಬೆಂಚಿನವನು "ಆ ಇಪ್ಪತ್ತೊಂದನ್ನ ನೋಡೇ ಇಲ್ಲ ಅಂದ್ಕೋ" ಅಂದ. ಅಂದುಕೊಂಡೆ. ಆದರೆ ಲ್ಯಾಬ್ ಪುಸ್ತಕದಲ್ಲಿ ಪೆನ್ನಿನಲ್ಲೇ ಬರೆಯಬೇಕು, ತಪ್ಪಾದರೆ ಹಳೆಯದು ಕಾಣುವಂತೆ ಒಂದೇ ಗೆರೆ ಎಳೆಯಬೇಕು. ನಾನೋ ನಿಯಮ ಪಾಲಿಸುವವಳು. ಒಂದೇ ಗೆರೆ ಎಳೆದು ಪಕ್ಕದಲ್ಲಿ ಸೊನ್ನೆ ಬರೆದೆ.

ಮೇಡಂ ಕನ್ನಡಕ ಏರಿಸಿದರು. "ಈ ಇಪ್ಪತ್ತೊಂದು ಎಲ್ಲಿ ಹೋದವು?"

"ಸತ್ತುಹೋದವು ಮೇಡಂ."

"ಸತ್ತಿದ್ರೂ ಹುಟ್ಟಿದ್ದವಲ್ಲ. ತಾಯಂದಿರನ್ನ ಯಾವಾಗ ಬೇರೆ ಮಾಡಿದ್ರಿ?"

"ನೀವು ಹೇಳಿದ ಹಾಗೇ ಮೇಡಂ, ಎಂಟು ಗಂಟೆಯೊಳಗೆ. ಒಂದು ದಿನಾನೂ ಎಂಟು ದಾಟಿಲ್ಲ."

ಮೇಡಂ ಸ್ವಲ್ಪ ಹೊತ್ತು ನನ್ನ ಮುಖ, ಆಮೇಲೆ ಗೋಡೆ ಗಡಿಯಾರ, ಮತ್ತೆ ನನ್ನ ಮುಖ ನೋಡಿದರು. ಹುಟ್ಟಿದ ಎಂಟು ಗಂಟೆಯೊಳಗೆ! ಹಿಂದಿನ ದಿನವೇ ಹುಟ್ಟಿ ರಾತ್ರಿಯಿಡೀ ಬಿಳಿಗಣ್ಣಿನ ಗಂಡುಗಳ ಜೊತೆ ಸೀಸೆಯಲ್ಲಿದ್ದ ಹೆಣ್ಣುಗಳನ್ನು ನಾನು ಬೆಳಿಗ್ಗೆ ಏಳೂ ಐವತ್ತಕ್ಕೆ ಕನ್ಯೆಯರೆಂದು ಬೇರೆ ಮಾಡುತ್ತಿದ್ದೆ.

ಎರೆಹುಳುವಿನ ಪ್ರಾಜೆಕ್ಟ್ ಮಾಡುತ್ತಿದ್ದ ಗದಗದ ಗೆಳತಿ ಹೊಟ್ಟೆ ಹಿಡಿದು ನಕ್ಕಳು. "ನಮ್ಮ ಕಡೆ ಎಂಟು ತಾಸು ಅಂತೀವಿ. ನಿಮ್ಮ ಮೈಸೂರಾಗ ಟೈಮಿಗೂ ಗಂಟೆ, ತಾಸಿಗೂ ಗಂಟೆ, ಗುಡಿ ಒಳಗೂ ಗಂಟೆ."

"ಸಜ್ಜಿಗೆಯಲ್ಲೂ ಗಂಟು" ಅಂದರು ಅಟೆಂಡರ್ ಅಣ್ಣ ಬಾಗಿಲಿನಿಂದ.

ಮತ್ತೆ ಮೊದಲಿನಿಂದ ಶುರು ಮಾಡಿದ್ದೇನೆ. ಬೆಳಿಗ್ಗೆ ಸೀಸೆ ಪೂರ್ತಿ ಖಾಲಿ ಮಾಡಿ, ಆಮೇಲೆ ಹುಟ್ಟಿದ ಹೆಣ್ಣುಗಳನ್ನು ಮಾತ್ರ ಮಧ್ಯಾಹ್ನ ಎತ್ತಿಕೊಳ್ಳುತ್ತೇನೆ. ವರದಿಯ ವಿಧಾನದ ಪುಟದಲ್ಲಿ "ಎಂಟು ತಾಸಿನೊಳಗೆ" ಎಂದಿದೆ. ಆ ಇಪ್ಪತ್ತೊಂದೂ ತಮ್ಮ ಜಾಗಕ್ಕೆ ವಾಪಸು ಬಂದಿವೆ, ಸೊನ್ನೆಯ ಮೇಲೆ ಇನ್ನೊಂದು ಗೆರೆ ಎಳೆಸಿಕೊಂಡು.