ಹೆಸರು ಕಲ್ಯಾಣ, ಕೆಲಸ ಗುಳೆ

ರಾಯಚೂರು ಜಿಲ್ಲೆಯ ದೇವದುರ್ಗಕ್ಕೆ 2002ರಲ್ಲಿ ರಾಜ್ಯಕ್ಕೇ ಮೊದಲ ರ್‍ಯಾಂಕ್ ಬಂತು. ಹಿಂದಿನಿಂದ ಎಣಿಸಿದರೆ. ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ ಅಭಿವೃದ್ಧಿಯ ಲೆಕ್ಕದಲ್ಲಿ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ ಅಂದಿತು, ತೀರಾ ಹಿಂದುಳಿದ 39ರಲ್ಲಿ 21 ಆಗಿನ ಹೈದರಾಬಾದ್ ಕರ್ನಾಟಕದವು. ರಾಜ್ಯದ ಸರಾಸರಿ 1 ಅಂತಿಟ್ಟುಕೊಂಡರೆ ದೇವದುರ್ಗಕ್ಕೆ ಸಿಕ್ಕಿದ್ದು 0.53. ಶಾಲೆಯಲ್ಲಾದರೆ ಪಾಸು ಮಾಡುತ್ತಿದ್ದರು ಬಿಡಿ.

ಹಾಗಂತ ಬರಗೆಟ್ಟ ಜಿಲ್ಲೆಯಾ ಅದು? ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ. ಹಟ್ಟಿಯಲ್ಲಿ ನೆಲ ಅಗೆದರೆ ಚಿನ್ನ. ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆಲ್ಲ ಕರೆಂಟು ಕೊಡುತ್ತಿದ್ದಾರೆ. ಚಿನ್ನ ಊರು ಬಿಟ್ಟು ಹೋಯಿತು, ಕರೆಂಟು ತಂತಿ ಹಿಡಿದು ಹೋಯಿತು, ಹಾರುಬೂದಿಯೊಂದೇ ಎಲ್ಲಿಗೂ ಹೋಗದೆ ಅಲ್ಲೇ ಉಳಿದಿದೆ. ನಿಯತ್ತು ಅಂದ್ರೆ ಅದು.

ಸರ್ಕಾರವೂ ಸುಮ್ನೆ ಕೂತಿಲ್ಲ. 2013ರಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂತು, ಒಂದಷ್ಟು ಹುಡುಗರಿಗೆ ಸೀಟು, ನೌಕರಿ ಸಿಕ್ಕಿತು, ಇಲ್ಲ ಅನ್ನಬಾರದು. ಆದರೆ 2019ರಲ್ಲಿ ಹೊಳೆದ ಉಪಾಯವೇ ಬೇರೆ: ಹೆಸರು ಬದಲಾಯಿಸೋಣ! ಬೆಳಗಾಗುವಷ್ಟರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಖರ್ಚು ಬೋರ್ಡಿನ ಪೇಂಟಿನಷ್ಟೇ. ಹೆಸರಿಟ್ಟ ಮೇಲೂ ಕಲ್ಯಾಣ ಕಾಣಲಿಲ್ಲವೇನೋ, 2024ರಲ್ಲಿ ಗೋವಿಂದ ರಾವ್ ಅವರ ನೇತೃತ್ವದಲ್ಲಿ ಮತ್ತೊಂದು ಸಮಿತಿ ಮಾಡಿದರು. ಮತ್ತೆ ಅಳೆಯಲಿಕ್ಕೆ. ಜ್ವರ ಬಂದವನಿಗೆ ಮಾತ್ರೆ ಬಿಟ್ಟು ಥರ್ಮಾಮೀಟರನ್ನೇ ಮೂರು ಹೊತ್ತು ಕೊಟ್ಟ ಹಾಗೆ, ಅಲ್ವಾ?

ಬೆಂಗಳೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಕ್ಕ ಇನ್ನೊಂದು ಬಿಲ್ಡಿಂಗು ಏಳುತ್ತಿದೆ. ಅದರ ತಗಡಿನ ಶೆಡ್ಡಿನಲ್ಲಿ ದೇವದುರ್ಗದ ಕಡೆಯಿಂದ ಗುಳೆ ಬಂದ ಒಂದು ಸಂಸಾರ ಇದೆ. ಆ ಹೆಂಗಸು ದಿನಾ ಸಂಜೆ ನಮ್ಮ ಗೇಟಿನ ಹತ್ತಿರದ ಪ್ಲಗ್ಗಿಗೆ ಮೊಬೈಲ್ ಸಿಕ್ಕಿಸಿ, ಮಗು ಎತ್ತಿಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದಳು. ಊರಲ್ಲಿ ಕರೆಂಟು ಹೇಗಮ್ಮ ಅಂದೆ.

"ಬರ್ತದ್ರಿ, ಹೋಗ್ತದ್ರಿ. ಮಾಡೋದೇನೋ ನಮ್ಕಡೆನೇ ಅಂತಲ್ರಿ ಅಣ್ಣಾರೆ?"

ಹೌದು ಅಂದೆ. ಬೇರೇನು ಹೇಳಲಿ?

ಮುಂದಿನ ವಾರ ಅಸೋಸಿಯೇಷನ್ನಿನವರು ಆ ಪ್ಲಗ್ಗಿಗೊಂದು ಡಬ್ಬಿ ಕೂರಿಸಿ ಬೀಗ ಹಾಕಿದರು. ಹೊರಗಿನವರು ನಮ್ಮ ಕರೆಂಟು ಕದಿಯುತ್ತಾರಂತೆ.