ಠಾಣೆ ಕಾಂಪೌಂಡಿನ ವಿಂಟೇಜ್ ವೈಭವ

ಅಮೆರಿಕದಲ್ಲಿ ಹಳೇ ಪೊಲೀಸ್ ಕಾರು ಕೂಡಿಡುವ ಹುಚ್ಚಿನವರಿದ್ದಾರೆ. 2011ರಲ್ಲಿ ತಯಾರಿ ನಿಂತ ಫೋರ್ಡ್ ಕ್ರೌನ್ ವಿಕ್ಟೋರಿಯಾ ಎಲ್ಲಾದರೂ ಸಿಕ್ಕರೆ ಸಾಕು. ತಂದು, ತಲೆ ಮೇಲಿನ ಲೈಟು, ಸೈರನ್ನು, ವೈರ್‌ಲೆಸ್ಸು ಎಲ್ಲ ಹುಡುಕಿ ಜೋಡಿಸಿ ಮೆರೆಸುತ್ತಾರೆ. ಪಾಪ, ಎಲ್ಲಾ ಸ್ವಂತ ದುಡ್ಡು. ನಮ್ಮಲ್ಲಿ ಈ ಸೇವೆಯನ್ನು ಪೊಲೀಸರೇ ವಹಿಸಿಕೊಂಡಿದ್ದಾರೆ. ಅದೂ ಕೇಸಿನಲ್ಲಿ ಜಪ್ತಿ ಮಾಡಿದ ಬೇರೆಯವರ ಗಾಡಿಗಳಲ್ಲಿ.

ನಂಬಿಕೆ ಬರದಿದ್ದರೆ ಹತ್ತಿರದ ಠಾಣೆಗೆ ಹೋಗಿ ನೋಡಿ. ಧರ್ಮಸ್ಥಳದ ಕಾರ್ ಮ್ಯೂಸಿಯಂನಲ್ಲಿ ಗಾಡಿಗಳನ್ನು ಒರೆಸಿ ಫಳಫಳ ಅನ್ನಿಸಿರುತ್ತಾರೆ. ಇಲ್ಲಿ ಧೂಳೂ ಅಸಲಿ. ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿ, 2014ರಲ್ಲಿ ಕಾರ್ಖಾನೆಯೇ ಕೈಬಿಟ್ಟ ಅಂಬಾಸಿಡರ್, ಮರಳಿನ ಜೊತೆ ಸಿಕ್ಕಿಬಿದ್ದ ಟಿಪ್ಪರ್, ಒಳಗಿಂದ ಹೊಂಗೆ ಗಿಡ ಇಣುಕುವ ಓಮ್ನಿ. ಬಾನೆಟ್ ಮೇಲೆ ಬಿಳಿ ಪೇಂಟಿನಲ್ಲಿ ಕ್ರೈಂ ನಂಬರ್, ಓರೆಗೆರೆ, ಇಸವಿ. ಇಸವಿ ಮಾತ್ರ ಮಳೆಗೆ ಅಳಿಸಿಹೋಗಿರುತ್ತದೆ. ಒಳ್ಳೆಯದೇ ಆಯ್ತು, ಓದಿದವರಿಗೆ ಹೊಟ್ಟೆ ಉರಿಯುವುದು ತಪ್ಪಿತು.

2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಗಾಡಿಗೆ 50 ವರ್ಷ ದಾಟಿರಬೇಕು. ಮೂಲ ರೂಪ ಕೆಡುವ ಹಾಗೆ ರಿಪೇರಿ ಮಾಡಿರಬಾರದು. ದಿನಾ ಓಡಿಸುವಂತಿಲ್ಲ. ಕೊನೆಯ ಎರಡು ಷರತ್ತುಗಳನ್ನು ನಮ್ಮ ಠಾಣೆಗಳು ಜಪ್ತಿಯಾದ ದಿನದಿಂದಲೇ ಚಾಚೂ ತಪ್ಪದೆ ಪಾಲಿಸುತ್ತಿವೆ. 50 ವರ್ಷದ ಮಾತಾ? ಅವಸರ ಯಾಕೆ, ಕೇಸು ನಡೀತಾ ಇದೆ.

ಪೊಲೀಸರ ಸ್ವಂತ ಜೀಪಿಗೆ ಈ ಭಾಗ್ಯ ಇಲ್ಲ. 15 ವರ್ಷ ದಾಟಿದ ಸರ್ಕಾರಿ ಗಾಡಿಯ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುತ್ತಿಲ್ಲ. ಕೆಲವು ವಿಶೇಷ ಗಾಡಿಗಳನ್ನು ಬಿಟ್ಟರೆ ಉಳಿದದ್ದೆಲ್ಲ ಗುಜರಿಗೆ. ಅಂದರೆ ಕಳ್ಳನನ್ನು ಅಟ್ಟಿಸಿಕೊಂಡು ಹೋದ ಜೀಪು ಗುಜರಿ ಪಾಲು, ಕಳ್ಳ ಓಡಿಸಿದ ಓಮ್ನಿಗೆ ಠಾಣೆಯಲ್ಲಿ ಖಾಯಂ ಜಾಗ. ಕಾನೂನು ಯಾರ ಪರ ಅಂತ ಆ ಜೀಪನ್ನು ಕೇಳಬೇಕು.

ಕೋರ್ಟು ಏನೂ ಹೇಳಿಲ್ಲ ಅಂತಲ್ಲ. 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು: ಗಾಡಿಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ನಿಲ್ಲಿಸಬೇಡಿ, ಫೋಟೋ ತೆಗೆದು, ಬಾಂಡ್ ಬರೆಸಿಕೊಂಡು ಕೊಟ್ಟುಬಿಡಿ. 2024ರ ಜುಲೈನಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಂತೂ ಲೆಕ್ಕ ಇನ್ನೂ ಬಿಗಿ. 14 ದಿನದಲ್ಲಿ ಮಾಲಿನ ವಿವರ, ಜೊತೆಗೆ ಫೋಟೋ, ವಿಡಿಯೋ, ಆಮೇಲೆ 30 ದಿನದೊಳಗೆ ವಿಲೇವಾರಿ ಆದೇಶ. ಅಷ್ಟರಲ್ಲಿ 2002ರ ತೀರ್ಪು ತಾನೇ ವಿಂಟೇಜ್ ಆಗುವ ದಾರಿಯಲ್ಲಿ ಹತ್ತಿರ ಹತ್ತಿರ ಅರ್ಧ ಸವೆಸಿದೆ.

ಇನ್ನು ಸೊಳ್ಳೆ. ಡೆಂಗಿ ಜಾಸ್ತಿಯಾದ 2024ರಲ್ಲಿ, ಸೊಳ್ಳೆ ಹುಟ್ಟಲು ಬಿಟ್ಟ ನಗರದ ಮನೆಗೆ 400 ರೂಪಾಯಿ ದಂಡ ಅಂತ ರಾಜ್ಯ ಸರ್ಕಾರ ನಿಯಮ ತಂದಿತು. ನಿಮ್ಮ ಹೂಕುಂಡದಲ್ಲಿ ನೀರು ನಿಂತರೆ ಅಪರಾಧ. ಠಾಣೆಯ ಟೈರಿನಲ್ಲಿ ನಿಂತರೆ ಅದು ಮುದ್ದೆಮಾಲು, ಚೆಲ್ಲಿದರೆ ಸಾಕ್ಷ್ಯನಾಶ!

ಅಪರೂಪಕ್ಕೆ ಒಬ್ಬ ಮಾಲೀಕ ಕೋರ್ಟ್ ಆರ್ಡರ್ ಹಿಡಿದು ಬರುತ್ತಾನೆ. ಆಗಿನ ಮಾತುಕತೆ ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ.

"ಯಾವ ಗಾಡಿನಪ್ಪಾ?"

"ಕಪ್ಪು ಸ್ಪ್ಲೆಂಡರ್ ಸಾರ್."

"ಕಪ್ಪಾ? ಇಲ್ಲಿರೋದೆಲ್ಲ ಕಂದು."

ಬಳ್ಳಿ ಬಿಡಿಸಿ, ಮೇಲೆ ಒರಗಿದ್ದ ಮೂರು ಗಾಡಿ ಸರಿಸಿ, ನಂಬರ್ ಪ್ಲೇಟ್ ಉಜ್ಜಿ ನೋಡಿದರೆ ಅದೇ.

"ಸಾರ್, ಬ್ಯಾಟರಿ ಇಲ್ಲ."

"ಮಹಜರಲ್ಲಿ ಬ್ಯಾಟರಿ ಅಂತ ಬರೆದಿದೆಯಾ?"

"ನೀವೇ ಸ್ಟಾರ್ಟ್ ಮಾಡ್ಕೊಂಡು ತಂದ್ರಲ್ಲಾ ಸಾರ್..."

"ಬರೆದಿಲ್ಲ ಅಂದ್ಮೇಲೆ ಇರಲಿಲ್ಲ. ತಗೋ, ಸುಸ್ಥಿತಿಯಲ್ಲಿ ಪಡೆದಿದ್ದೇನೆ ಅಂತ ಇಲ್ಲಿ ಸೈನ್ ಹಾಕು."

ಹಾಕುತ್ತಾನೆ. ಗಾಡಿ ತಳ್ಳಿಕೊಂಡು ಗೇಟಿನವರೆಗೆ ಹೋದಾಗ ಹಿಂದಿನಿಂದ ಕೂಗು.

"ಏಯ್, ಆರ್ಡರ್ ಸರಿಯಾಗಿ ಓದ್ಕೊಂಡಿದೀಯಲ್ಲಾ? ಕೇಸು ಮುಗಿಯೋವರೆಗೆ ಗಾಡಿ ಬಣ್ಣ ಬದಲಾಯಿಸೋ ಹಾಗಿಲ್ಲ!"